ಆಕಾಶಕ್ಕೂ ಒಂದು ಗಡುವಿದೆ

‘ಮೊದ್ಲು ಡಿಗ್ರಿ ಒಂದು ಮುಗೀಲಿ ಬಿಡಪ್ಪ, ಆಮೇಲೆ ನೋಡಣ.’ ಮಕ್ಕಳ ಮುಂದಿನ ದಾರಿಯ ಮಾತು ಬಂದಾಗ ಕಡೂರು ಸೀಮೆಯ ಮನೆಗಳಲ್ಲಿ ಹಿರಿಯರು ಹೇಳುವ ಮಾತು ಇದು. ಬ್ಯಾಂಕು, ಪೊಲೀಸು, ಕೆಎಎಸ್, ಮೇಷ್ಟ್ರ ಕೆಲಸ, ಇವುಗಳ ಮಟ್ಟಿಗೆ ಈ ಮಾತಿನಲ್ಲಿ ತಪ್ಪೇನಿಲ್ಲ. ಆದರೆ ಮನೆಯ ಹುಡುಗನೋ ಹುಡುಗಿಯೋ ವಾಯುಪಡೆಯಲ್ಲಿ ವಿಮಾನ ಹಾರಿಸುತ್ತೇನೆ ಅಂದರೆ, ಅಲ್ಲಿ ಈ ಸಮಾಧಾನದ ಮಾತೇ ದೊಡ್ಡ ಅಡ್ಡಿಯಾಗುತ್ತದೆ. ಆ ದಾರಿಯ ಮೊದಲ ಪ್ರಶ್ನೆಗೆ ಉತ್ತರ ಬರೆಯಬೇಕಾದದ್ದು ಎಸ್ಸೆಸ್ಸೆಲ್ಸಿ ಮುಗಿದ ಬೇಸಿಗೆಯಲ್ಲಿ, ಪಿಯು ಕಾಲೇಜಿನ ಅರ್ಜಿ ತುಂಬುವ ದಿನ. ಯಾವ ವಿಷಯ ತಗೊಳ್ಳೋದು ಎಂಬುದೇ ಆ ಪ್ರಶ್ನೆ.

ಲೆಕ್ಕ ಹೀಗಿದೆ. ವಾಯುಪಡೆಯ ಪೈಲಟ್ ಆಗಲು ಮುಖ್ಯವಾಗಿ ಎರಡು ಬಾಗಿಲು. ಮೊದಲನೆಯದು ಎನ್‌ಡಿಎ, ಅಂದರೆ ರಾಷ್ಟ್ರೀಯ ರಕ್ಷಣಾ ಅಕಾಡೆಮಿ. ಯುಪಿಎಸ್‌ಸಿ ವರ್ಷಕ್ಕೆ ಎರಡು ಸಲ ನಡೆಸುವ ಅದರ ಪ್ರವೇಶ ಪರೀಕ್ಷೆಯನ್ನು ದ್ವಿತೀಯ ಪಿಯುಸಿ ಓದುತ್ತಿರುವಾಗಲೇ ಬರೆಯಬಹುದು. ವಯಸ್ಸು ಹದಿನಾರೂವರೆಯಿಂದ ಹತ್ತೊಂಬತ್ತೂವರೆ. ವಾಯುಪಡೆಗೆ ಹೋಗುವವರು ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಮೂರನ್ನೂ ಓದಿರಬೇಕು. ಎರಡನೆಯದು ಪದವಿ ಆದವರಿಗೆ ವಾಯುಪಡೆಯೇ ನಡೆಸುವ ಎಎಫ್‌ಕ್ಯಾಟ್. 2011ರಲ್ಲಿ ಶುರುವಾದ ಇದೂ ವರ್ಷಕ್ಕೆ ಎರಡು ಸಲ. ಹಾರಾಟ ವಿಭಾಗಕ್ಕೆ ವಯಸ್ಸು 20ರಿಂದ 24. ಯಾವ ಪದವಿಯಾದರೂ ಆದೀತು, ಶೇ 60 ಅಂಕ ಬೇಕು. ಬಿ.ಎ., ಬಿ.ಕಾಂ. ಮಾಡಿದವರಿಗೂ ಅವಕಾಶ ಉಂಟು. ಆದರೆ ಪಿಯುಸಿಯಲ್ಲಿ ಗಣಿತ, ಭೌತಶಾಸ್ತ್ರ ಓದಿ ಒಂದೊಂದರಲ್ಲೂ ಶೇ 50 ತೆಗೆದಿರಬೇಕು. ಆ ಎರಡು ವಿಷಯ ಬಿಟ್ಟು ಪಿಯುಸಿ ಮುಗಿಸಿದವರು ಪದವಿಯಲ್ಲಿ ಚಿನ್ನದ ಪದಕ ತಂದರೂ ಹಾರಾಟ ವಿಭಾಗಕ್ಕೆ ಬರಲಾಗುವುದಿಲ್ಲ. ಎಂಜಿನಿಯರಿಂಗ್ ಓದುವವರೂ ಪಿಯುಸಿಯಲ್ಲಿ ಇವನ್ನೇ ಓದಿ ಬಂದಿರುತ್ತಾರಾದ್ದರಿಂದ ಅವರಿಗೆ ತೊಂದರೆಯಿಲ್ಲ. ಯುಪಿಎಸ್‌ಸಿಯ ಸಿಡಿಎಸ್ ಪರೀಕ್ಷೆ ಇದೆ, ಎನ್‌ಸಿಸಿ ವಾಯುದಳದ ‘ಸಿ’ ಸರ್ಟಿಫಿಕೇಟ್ ಇದ್ದವರಿಗೆ ಬೇರೆ ದಾರಿಯೂ ಇದೆ. ಅಲ್ಲೂ ಗಡುವಿನ ಕಥೆ ಹೆಚ್ಚು ಕಡಿಮೆ ಇದೇ.

ಇಲ್ಲೊಂದು ಗೊಂದಲವನ್ನು ಮೊದಲೇ ಬಿಡಿಸಬೇಕು. ಹಳ್ಳಿಯಲ್ಲಿ ‘ಏರ್‌ಫೋರ್ಸ್‌ಗೆ ಸೇರಿದ’ ಅಂದರೆ ಸಾಮಾನ್ಯವಾಗಿ ಏರ್‌ಮನ್ ಆದ ಎಂದರ್ಥ. 2022ರಿಂದ ಈಚೆಗೆ ಅಗ್ನಿವೀರ್ ವಾಯು. ಅದು ಮರ್ಯಾದೆಯ ಸೇವೆ, ಅನುಮಾನವಿಲ್ಲ. ಆದರೆ ಅದರ ಪರೀಕ್ಷೆ ಬೇರೆ, ಕೆಲಸ ಬೇರೆ. ವಿಮಾನ ಹಾರಿಸುವವರು ಅಧಿಕಾರಿಗಳು, ಫ್ಲೈಯಿಂಗ್ ಆಫೀಸರ್ ದರ್ಜೆಯಿಂದ ಶುರುವಾಗುವವರು. ಅವರ ಆಯ್ಕೆ ಎನ್‌ಡಿಎ, ಎಎಫ್‌ಕ್ಯಾಟ್‌ಗಳ ಮೂಲಕ. ಒಂದರ ಅರ್ಜಿ ಹಾಕಿ ಇನ್ನೊಂದನ್ನು ಕಾಯುತ್ತಾ ಕೂತು ವಯಸ್ಸು ಕಳೆದುಕೊಳ್ಳಬಾರದು.

ನಮ್ಮ ಜಿಲ್ಲೆಯಲ್ಲೇ ಈ ದಾರಿ ನಡೆದವರಿದ್ದಾರೆ. ಮೇಘನಾ ಶಾನುಭೋಗ್ ಚಿಕ್ಕಮಗಳೂರು ತಾಲ್ಲೂಕಿನ ಮರ್ಲೆಯವರು. ಎಂಜಿನಿಯರಿಂಗ್ ಮುಗಿಸಿದ್ದು 2015ರಲ್ಲಿ. ಮರುವರ್ಷ ಜೂನ್‌ನಲ್ಲಿ ಅವನಿ ಚತುರ್ವೇದಿ, ಭಾವನಾ ಕಾಂತ್, ಮೋಹನಾ ಸಿಂಗ್ ದೇಶದ ಮೊದಲ ಮಹಿಳಾ ಫೈಟರ್ ಪೈಲಟ್‌ಗಳಾದರು. ಅವರಿಂದ ಹುರುಪು ಪಡೆದ ಮೇಘನಾ ಎಎಫ್‌ಕ್ಯಾಟ್ ಬರೆದು, 2017ರ ಜನವರಿಯಲ್ಲಿ ಹೈದರಾಬಾದ್ ಬಳಿಯ ದುಂಡಿಗಲ್ ವಾಯುಪಡೆ ಅಕಾಡೆಮಿ ಸೇರಿ, 2018ರ ಜೂನ್‌ನಲ್ಲಿ ಅಧಿಕಾರಿಯಾಗಿ ಹೊರಬಂದರು. ದಕ್ಷಿಣ ಭಾರತದಿಂದ ಹೋದ ಮೊದಲ ಮಹಿಳಾ ಫೈಟರ್ ಪೈಲಟ್ ಎಂದು ಪತ್ರಿಕೆಗಳು ಆಗ ಬರೆದವು. ಆ ಸುದ್ದಿಯಲ್ಲಿ ನಮ್ಮ ಮಕ್ಕಳು ಗಮನಿಸಬೇಕಾದದ್ದು ಅದರ ವೇಗವನ್ನು. ಮನಸ್ಸು ಮಾಡಿದ ಕೆಲವೇ ತಿಂಗಳಲ್ಲಿ ಅವರು ಪರೀಕ್ಷೆಗೆ ಕೂರಲು ಸಾಧ್ಯವಾದದ್ದು ಗಣಿತ, ಭೌತಶಾಸ್ತ್ರ ಕೈಯಲ್ಲಿದ್ದುದರಿಂದ, ವಯಸ್ಸು ಇನ್ನೂ ಉಳಿದಿದ್ದುದರಿಂದ. ತಂದೆ ವಕೀಲರು, ತಾಯಿ ನ್ಯಾಯಾಧೀಶರು. ಇಂಥ ಪರೀಕ್ಷೆಯ ಸುದ್ದಿ ತಾನಾಗಿ ನಡೆದು ಬರುವ ಮನೆ. ಮೇಘನಾ ಅವರ ಶ್ರಮವನ್ನು ಕಿರಿದು ಮಾಡಲು ಈ ಮಾತು ಹೇಳುತ್ತಿಲ್ಲ. ಸುದ್ದಿ ತಾನಾಗಿ ಬಾರದ ಮನೆಗಳಿಗೆ ಅದನ್ನು ನಾವೇ ಹೊತ್ತು ತಲುಪಿಸಬೇಕು ಎಂಬುದಕ್ಕೆ ಹೇಳಿದೆ.

ಕಡೂರು ತಾಲ್ಲೂಕಿನ ಯಗಟಿಯಂಥ ಊರಿನ ಮನೆಗಳು ಅಂಥವು. ಚಿಕ್ಕಮಗಳೂರು ಜಿಲ್ಲೆ ಎಂದೊಡನೆ ಹೊರಗಿನವರ ಕಣ್ಣಿಗೆ ಬರುವ ಕಾಫಿ ತೋಟ, ಮಂಜು, ಹೊಳೆ ಯಾವುದೂ ಇಲ್ಲಿಲ್ಲ. ಇದು ಬಯಲುಸೀಮೆ. ರಾಗಿ, ತೆಂಗು, ಈರುಳ್ಳಿ, ಕೊಳವೆಬಾವಿ, ಮಳೆಗಾಗಿ ಕಾಯುವ ಹೋಬಳಿ. ಆದರೆ ಗಣಿತದ ವಿಷಯಕ್ಕೆ ಈ ಊರು ಬಡವಲ್ಲ. ಕಡೂರಿನ ಶಾಸಕರಾಗಿದ್ದ ವೈ.ಎಸ್.ವಿ. ದತ್ತ ಈ ಊರಿನವರೇ. ರಾಜಕೀಯದಷ್ಟೇ ಗಣಿತದ ಪಾಠಕ್ಕೂ ಹೆಸರಾದವರು. 2020ರ ಲಾಕ್‌ಡೌನ್‌ನಲ್ಲಿ ಅವರು ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಫೇಸ್‌ಬುಕ್‌ನಲ್ಲಿ ಪಾಠ ಮಾಡಿದ್ದು ನಾಡಿಗೆಲ್ಲ ಗೊತ್ತು. ಹಳ್ಳಿಯ ಹುಡುಗರಿಗೆ ಲೆಕ್ಕ ಹತ್ತುವುದಿಲ್ಲ ಎಂಬ ಮಾತನ್ನು ಈ ಊರಿನಲ್ಲಿ ಯಾರೂ ಹೇಳಬಾರದು.

ಲೆಕ್ಕ ಎಷ್ಟು ಕಷ್ಟ? ಎಎಫ್‌ಕ್ಯಾಟ್‌ನ ಮಟ್ಟ ತಿಳಿಯಲು ಒಂದು ಮಾದರಿ ನಾನೇ ಕಟ್ಟಿ ಕೊಡುತ್ತೇನೆ. ಗಂಟೆಗೆ 72 ಕಿಲೋಮೀಟರ್ ವೇಗದ, 240 ಮೀಟರ್ ಉದ್ದದ ರೈಲು ಬೀರೂರು ಜಂಕ್ಷನ್ನಿನ ಒಂದು ಕಂಬವನ್ನು ದಾಟಲು ಎಷ್ಟು ಹೊತ್ತು ಬೇಕು? ಗಂಟೆಗೆ 72 ಕಿ.ಮೀ. ಅಂದರೆ ಸೆಕೆಂಡಿಗೆ 20 ಮೀಟರ್. 240ನ್ನು 20ರಿಂದ ಭಾಗಿಸಿದರೆ 12 ಸೆಕೆಂಡ್. ಅದೇ ರೈಲು 160 ಮೀಟರ್ ಉದ್ದದ ಪ್ಲಾಟ್‌ಫಾರಂ ದಾಟಬೇಕಾದರೆ ತನ್ನ ಉದ್ದವನ್ನೂ ಸೇರಿಸಿ 400 ಮೀಟರ್ ಓಡಬೇಕು, 20 ಸೆಕೆಂಡ್. ಹತ್ತನೇ ಕ್ಲಾಸಿನ ಲೆಕ್ಕ. ಕಷ್ಟವಿರುವುದು ಹೊತ್ತಿನಲ್ಲಿ. ಎರಡು ಗಂಟೆಯಲ್ಲಿ ಕಂಪ್ಯೂಟರ್ ಮುಂದೆ ಕೂತು 100 ಪ್ರಶ್ನೆ. ಒಂದಕ್ಕೆ ಒಂದೂಕಾಲು ನಿಮಿಷವೂ ಇಲ್ಲ. ಸರಿ ಉತ್ತರಕ್ಕೆ 3 ಅಂಕ, ತಪ್ಪಿಗೆ 1 ಕಡಿತ, ಒಟ್ಟು 300. ಲೆಕ್ಕದ ಜೊತೆಗೆ ಇಂಗ್ಲಿಷ್, ಸಾಮಾನ್ಯ ಜ್ಞಾನ, ತರ್ಕ ಇರುತ್ತವೆ. ಮುಂದಿನ ಹಂತಕ್ಕೆ ಕರೆ ಬರುವ ಗೆರೆ ಹಲವು ಸಲ 150ರ ಆಸುಪಾಸಿನಲ್ಲಿ ನಿಂತಿದೆ.

ಎನ್‌ಡಿಎ ಇದಕ್ಕಿಂತ ಭಾರ. ಗಣಿತಕ್ಕೆ 300 ಅಂಕದ 120 ಪ್ರಶ್ನೆ, ಎರಡೂವರೆ ಗಂಟೆ. ಸಾಮಾನ್ಯ ಸಾಮರ್ಥ್ಯಕ್ಕೆ 600 ಅಂಕದ 150 ಪ್ರಶ್ನೆ, ಮತ್ತೆ ಎರಡೂವರೆ ಗಂಟೆ. ಅದರೊಳಗೆ ಇಂಗ್ಲಿಷ್‌ಗೆ 200; ಉಳಿದ 400 ವಿಜ್ಞಾನ, ಇತಿಹಾಸ, ಭೂಗೋಳ, ಪ್ರಚಲಿತ ವಿದ್ಯಮಾನಗಳಿಗೆ. ತಪ್ಪು ಉತ್ತರಕ್ಕೆ ಮೂರನೇ ಒಂದು ಪಾಲು ಕಡಿತ. ತ್ರಿಕೋನಮಿತಿ, ಕಲನಶಾಸ್ತ್ರ, ಸಂಭವನೀಯತೆ ಎಲ್ಲ ಇವೆ. ಹೆದರುವ ಅಗತ್ಯವಿಲ್ಲ. ನಮ್ಮ ಪಿಯು ಕಾಲೇಜುಗಳಲ್ಲಿ ವಿಜ್ಞಾನ, ಗಣಿತಕ್ಕೆ ಈಗ ನಡೆಯುವುದು ಎನ್‌ಸಿಇಆರ್‌ಟಿ ಪಠ್ಯವೇ, ಎನ್‌ಡಿಎ ಗಣಿತದ ಬಹುಪಾಲು ಅದರೊಳಗೇ ಇದೆ. 900 ಅಂಕದ ಈ ಬರಹದ ಪರೀಕ್ಷೆಯಲ್ಲಿ 2022ರ ಮೊದಲ ಸರದಿಯ ಕಟ್-ಆಫ್ 360, 2023ರ ಮೊದಲ ಸರದಿಯದು 301. ನೂರಕ್ಕೆ ಸುಮಾರು ಮೂವತ್ತಮೂರರಿಂದ ನಲವತ್ತು ತೆಗೆದವರು ಮುಂದೆ ಹೋಗಿದ್ದಾರೆ. ಗೊತ್ತಿಲ್ಲದ್ದನ್ನು ಮುಟ್ಟದೆ, ಗೊತ್ತಿರುವುದನ್ನು ತಪ್ಪದೆ ಮಾಡುವ ಹುಡುಗನಿಗೆ ಇದು ಎಟುಕುವ ಎತ್ತರ.

ನಿಜವಾದ ಕಷ್ಟ ಇಂಗ್ಲಿಷಿನದು. ಪ್ರಶ್ನೆಪತ್ರಿಕೆ ಕನ್ನಡದಲ್ಲಿ ಇರುವುದಿಲ್ಲ. ಇದು ಅನ್ಯಾಯವೆಂದೇ ನನ್ನ ಅಭಿಪ್ರಾಯ. ಕನಿಷ್ಠ ಗಣಿತದ ಪತ್ರಿಕೆಯನ್ನಾದರೂ ಎಲ್ಲ ಭಾಷೆಗಳಲ್ಲಿ ಕೊಡಬಹುದು, ವಿಮಾನದೊಳಗೆ ಬೇಕಾಗುವ ಇಂಗ್ಲಿಷನ್ನು ಆಮೇಲೆ ಕಲಿಸಬಹುದು. ಆದರೆ ಆ ನ್ಯಾಯ ಸಿಗುವವರೆಗೆ ನಮ್ಮ ಮಕ್ಕಳ ವಯಸ್ಸು ನಿಲ್ಲುವುದಿಲ್ಲ. ಕನ್ನಡ ಮಾಧ್ಯಮದ ಮಗು ಎಂಟನೇ ಕ್ಲಾಸಿನಿಂದಲೇ ದಿನಕ್ಕೆ ಅರ್ಧ ಗಂಟೆ ಇಂಗ್ಲಿಷ್ ಪತ್ರಿಕೆಯ ಒಂದು ಸುದ್ದಿಯನ್ನು ಗಟ್ಟಿಯಾಗಿ ಓದಿ, ಅದನ್ನೇ ತನ್ನ ಮಾತಿನಲ್ಲಿ ಇಂಗ್ಲಿಷಿನಲ್ಲಿ ಹೇಳಿದರೆ ಎರಡು ಕೆಲಸ ಒಟ್ಟಿಗೆ ಆಗುತ್ತವೆ. ಭಾಷೆಯೂ ಬರುತ್ತದೆ, ಪ್ರಚಲಿತ ವಿದ್ಯಮಾನವೂ ತಲೆಯಲ್ಲಿ ನಿಲ್ಲುತ್ತದೆ. ಹೇಳುವುದು ಮುಖ್ಯ. ಮನಸ್ಸಿನಲ್ಲೇ ಓದಿಕೊಂಡವರು ಮುಂದಿನ ಹಂತದಲ್ಲಿ ಬಾಯಿ ಕಟ್ಟಿ ನಿಲ್ಲುತ್ತಾರೆ.

ಆ ಮುಂದಿನ ಹಂತ ನಮ್ಮ ರಾಜ್ಯದಲ್ಲೇ ಇದೆ ಎಂಬುದು ನಮ್ಮ ಭಾಗ್ಯ. ಡೆಹ್ರಾಡೂನ್, ಗಾಂಧಿನಗರ, ವಾರಾಣಸಿಗಳಲ್ಲಿರುವಂತೆ ಮೈಸೂರಿನಲ್ಲೂ ವಾಯುಪಡೆಯ ಆಯ್ಕೆ ಮಂಡಳಿ ಇದೆ. ಕಡೂರಿನಲ್ಲಿ ರೈಲು ಹತ್ತಿದರೆ ಅರಸೀಕೆರೆ, ಹಾಸನದ ಮೇಲೆ ಮೈಸೂರು. ಮೊದಲ ದಿನವೇ ಜರಡಿ. ಬುದ್ಧಿಶಕ್ತಿಯ ಪ್ರಶ್ನೆಗಳಾದ ಮೇಲೆ ಮಸುಕಾದ ಒಂದು ಚಿತ್ರವನ್ನು 30 ಸೆಕೆಂಡ್ ತೋರಿಸುತ್ತಾರೆ. ನಾಲ್ಕು ನಿಮಿಷದಲ್ಲಿ ಅದಕ್ಕೊಂದು ಕಥೆ ಬರೆಯಬೇಕು, ಗುಂಪಿನ ಮುಂದೆ ಹೇಳಬೇಕು, ಎಲ್ಲರೂ ಚರ್ಚಿಸಿ ಒಂದೇ ಕಥೆಗೆ ಬರಬೇಕು. ಇಲ್ಲಿ ಉಳಿಯದವರು ಅಂದೇ ವಾಪಸ್. ಉಳಿದವರಿಗೆ ಮುಂದಿನ ದಿನಗಳಲ್ಲಿ ಮನಶ್ಶಾಸ್ತ್ರದ ಬರಹಗಳು, ಸಂದರ್ಶನ, ಮೈದಾನದ ಕೆಲಸಗಳು. ಪರದೆಯ ಮೇಲೆ 15 ಸೆಕೆಂಡಿಗೊಂದರಂತೆ 60 ಪದ ಬರುತ್ತವೆ, ಪ್ರತಿಯೊಂದಕ್ಕೂ ಹೊಳೆದ ವಾಕ್ಯ ಬರೆಯಬೇಕು. ಕೋಚಿಂಗ್ ಕ್ಲಾಸಿನಲ್ಲಿ ಉರುಹೊಡೆದ ವಾಕ್ಯಗಳು ಇಲ್ಲಿ ಕೈಕೊಡುತ್ತವೆ. ಬರಹದಲ್ಲಿ ಒಬ್ಬ, ಸಂದರ್ಶನದಲ್ಲಿ ಇನ್ನೊಬ್ಬ, ಮೈದಾನದಲ್ಲಿ ಮತ್ತೊಬ್ಬನಾಗಿ ಕಾಣುವವನನ್ನು ಅವರು ಗುರುತಿಸುತ್ತಾರೆ. ಮೂರು ಕಡೆ ಮೂರು ಬೇರೆ ಪರೀಕ್ಷಕರು ನೋಡುವುದೇ ಅದಕ್ಕಾಗಿ.

ಮೈದಾನದ ಕೆಲಸ ನಮ್ಮ ಹುಡುಗರಿಗೆ ಹೇಳಿ ಮಾಡಿಸಿದಂತಿದೆ. ಒಂದು ಹಲಗೆ, ಒಂದು ಮರದ ದಿಮ್ಮಿ, ಒಂದು ಹಗ್ಗ ಕೊಟ್ಟು, ನೆಲ ಮುಟ್ಟದೆ, ಕೆಂಪು ಬಣ್ಣ ಬಳಿದ ಜಾಗ ಮುಟ್ಟದೆ, ಇಡೀ ತಂಡ ಭಾರದ ಸಮೇತ ಆಚೆ ದಾಟಬೇಕು ಎನ್ನುತ್ತಾರೆ. ದಿಮ್ಮಿಗೆ ಹಲಗೆಯನ್ನು ಜಾರದಂತೆ ಬಿಗಿಯುವ ಗಂಟು ಹಾಕಬೇಕು. ಗಾಡಿಗೆ ಹುಲ್ಲು ಹೇರಿ ಹಗ್ಗ ಬಿಗಿದ ಹುಡುಗನಿಗೆ ಆ ಗಂಟು ಗೊತ್ತು. ನಗರದ ಎಷ್ಟೋ ಮಕ್ಕಳಿಗೆ ಗೊತ್ತಿಲ್ಲ. ಆದರೆ ನಮ್ಮ ಹುಡುಗ ಗೊತ್ತಿದ್ದೂ ಹಿಂದೆ ನಿಂತು, ಯಾರಾದರೂ ಕೇಳಲಿ ಎಂದು ಕಾಯುತ್ತಾನಲ್ಲ, ಅಲ್ಲಿ ಅವನು ಸೋಲುತ್ತಾನೆ. ಹಿರಿಯರ ಮುಂದೆ ಬಾಯಿ ಬಿಡಬಾರದು ಎಂದು ಬೆಳೆಸಿದ ಮಕ್ಕಳು ನಮ್ಮವರು. ಮನೆಯಲ್ಲಿ, ಶಾಲೆಯಲ್ಲಿ ಅವರ ಅಭಿಪ್ರಾಯ ಕೇಳಿ, ಕೊನೆಯವರೆಗೆ ಕಿವಿಗೊಟ್ಟು ಅಭ್ಯಾಸ ಮಾಡಿಸಿದರೆ ಮೈಸೂರಿನ ಅರ್ಧ ತಯಾರಿ ಊರಲ್ಲೇ ಆದ ಹಾಗೆ.

ಇಷ್ಟರಲ್ಲಿ ಯಾವುದರಲ್ಲಿ ಸೋತರೂ ವಯಸ್ಸು ಇರುವವರೆಗೆ ಮತ್ತೆ ಬರಬಹುದು. ಮತ್ತೆ ಬರಲಾಗದ ಪರೀಕ್ಷೆ ಒಂದಿದೆ. ಅದರ ಹೆಸರು ಸಿಪಿಎಸ್‌ಎಸ್, ಕಂಪ್ಯೂಟರ್ ಮೇಲೆ ನಡೆಯುವ ಪೈಲಟ್ ಆಯ್ಕೆ ಪರೀಕ್ಷೆ. ಬದುಕಿನಲ್ಲಿ ಒಂದೇ ಸಲ. ಸೋತವರು ವಾಯುಪಡೆಯ ಬೇರೆ ವಿಭಾಗಗಳಿಗೆ ಹೋಗಬಹುದು, ಪೈಲಟ್ ಆಗಲಾರರು. ಕೈಯಲ್ಲಿ ಜಾಯ್‌ಸ್ಟಿಕ್, ಕಾಲಿನಡಿ ಪೆಡಲ್, ಎದುರಿಗೆ ಪರದೆ. ಕಣ್ಣು, ಕೈ, ಕಾಲು ಒಟ್ಟಿಗೆ ಕೆಲಸ ಮಾಡುತ್ತವೆಯೇ, ಹೊಸ ವಿಷಯವನ್ನು ಕೇಳಿದೊಡನೆ ಹಿಡಿಯುವ ಶಕ್ತಿ ಇದೆಯೇ ಎಂದು ಅಳೆಯುತ್ತಾರೆ. ವಿಮಾನದ ಮಾಪಕಗಳನ್ನು ಓದುವುದೂ ಇಂಥ ಪರೀಕ್ಷೆಗಳ ಒಂದು ಭಾಗ. ಉದಾಹರಣೆಗೆ ಎತ್ತರ ತೋರಿಸುವ ಆಲ್ಟಿಮೀಟರ್. ಗಡಿಯಾರದಂಥ ಮುಖ, 0ಯಿಂದ 9ರವರೆಗೆ ಅಂಕಿ, ಚಿಕ್ಕ ಮುಳ್ಳು ಸಾವಿರ ಅಡಿಗಳಿಗೆ, ದೊಡ್ಡ ಮುಳ್ಳು ನೂರು ಅಡಿಗಳಿಗೆ. ಚಿಕ್ಕ ಮುಳ್ಳು 6 ದಾಟಿ ಸ್ವಲ್ಪ ಮುಂದಿದೆ, ದೊಡ್ಡ ಮುಳ್ಳು 3ರ ಮೇಲಿದೆ ಎಂದರೆ 6,300 ಅಡಿ. ನಮ್ಮ ಮುಳ್ಳಯ್ಯನಗಿರಿಯ ನೆತ್ತಿ ಹೆಚ್ಚು ಕಡಿಮೆ ಅದೇ ಎತ್ತರ. ಮೋಡದೊಳಗೆ ಆ ಮುಳ್ಳುಗಳನ್ನು ತಪ್ಪು ಓದಿದ ಪೈಲಟ್‌ಗೆ ಗುಡ್ಡವೇ ಎದುರಾದೀತು. ಪರೀಕ್ಷೆಗೆ ಮೊದಲು ಎಲ್ಲವನ್ನೂ ವಿವರಿಸುತ್ತಾರೆ. ಆ ವಿವರಣೆಯನ್ನು ಅಕ್ಷರ ಬಿಡದೆ ಕೇಳಿಸಿಕೊಳ್ಳುವುದೇ ಇಲ್ಲಿಯ ದೊಡ್ಡ ತಯಾರಿ. ಹಿಂದಿನ ರಾತ್ರಿ ನಿದ್ದೆಗೆಟ್ಟು ಹೋಗಬಾರದು. ಒಂದೇ ಅವಕಾಶವಾದ್ದರಿಂದ, ಸುಮ್ಮನೆ ಒಂದು ಕೈ ನೋಡೋಣ ಎಂದು ಹೋಗುವ ಜಾಗವೂ ಇದಲ್ಲ.

ಆಮೇಲೆ ವೈದ್ಯಕೀಯ ತಪಾಸಣೆ. ಪೈಲಟ್ ಅಭ್ಯರ್ಥಿಗಳನ್ನು ದೆಹಲಿಯ ಕೇಂದ್ರದಲ್ಲಿ ಇಲ್ಲವೇ ಬೆಂಗಳೂರಿನ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆಯಲ್ಲಿ ಪರೀಕ್ಷಿಸುತ್ತಾರೆ. ಎತ್ತರ ಕನಿಷ್ಠ 162.5 ಸೆಂಟಿಮೀಟರ್ ಬೇಕು. ಕೂತಾಗಿನ ಎತ್ತರ, ಕಾಲಿನ ಉದ್ದ, ತೊಡೆಯ ಉದ್ದ ಎಲ್ಲಕ್ಕೂ ಅಳತೆ ಉಂಟು, ಏಕೆಂದರೆ ಕಾಕ್‌ಪಿಟ್ ಯಾರಿಗಾಗಿಯೂ ಹಿಗ್ಗುವುದಿಲ್ಲ. ಬಣ್ಣಗುರುಡು ಇದ್ದರೆ ಆಗದು. ದೂರದೃಷ್ಟಿ ಮಸುಕಾಗುವ ಸಮೀಪದೃಷ್ಟಿ ದೋಷ ಇದ್ದರೂ ಆಗದು. ಎಷ್ಟೋ ಮಕ್ಕಳು ಬರಹದ ಪರೀಕ್ಷೆ, ಮೈಸೂರು ಎಲ್ಲ ಗೆದ್ದು ಇಲ್ಲಿಗೆ ಬಂದ ಮೇಲೆ ತಮ್ಮ ಕಣ್ಣಿನ ವಿಷಯ ತಿಳಿದು ಕುಸಿದುಹೋಗುತ್ತಾರೆ. ಅದು ಒಂಬತ್ತನೇ ಕ್ಲಾಸಿನಲ್ಲೇ ತಿಳಿಯಬಹುದಾಗಿದ್ದ ಸಂಗತಿ. ಬೋರ್ಡಿನ ಅಕ್ಷರ ಕಾಣದೆ ಕಣ್ಣು ಕಿರಿದು ಮಾಡುವ ಮಗುವನ್ನು ಕಡೂರಿನ ಆಸ್ಪತ್ರೆಗೆ ಕರೆದೊಯ್ದು ತೋರಿಸುವುದಕ್ಕೆ ದೊಡ್ಡ ಖರ್ಚೇನಿಲ್ಲ. ಮಕ್ಕಳು ದಿನಾ ಒಂದಿಷ್ಟು ಹೊತ್ತು ಬಯಲಿನಲ್ಲಿ ಆಡಿದರೆ ಕಣ್ಣಿಗೂ ಒಳ್ಳೆಯದು ಎನ್ನುತ್ತಾರೆ ನೇತ್ರತಜ್ಞರು. ಮೈಕಟ್ಟಿನ ಬಗ್ಗೆ ಬಹಳ ಚಿಂತೆ ಬೇಡ. ಅಕಾಡೆಮಿಗೆ ಬರುವಾಗ 1.6 ಕಿಲೋಮೀಟರನ್ನು 10 ನಿಮಿಷದಲ್ಲಿ ಓಡುವ, 10 ಪುಷ್‌-ಅಪ್, 3 ಚಿನ್‌-ಅಪ್ ಮಾಡುವ ಶಕ್ತಿ ಇರಲಿ ಎನ್ನುತ್ತದೆ ವಾಯುಪಡೆ. ಹೊಲದಲ್ಲಿ ಬೆಳೆದ ಮಕ್ಕಳಿಗೆ ಇದು ದೊಡ್ಡದಲ್ಲ.

ಹೆಣ್ಣುಮಕ್ಕಳ ತಂದೆ ತಾಯಿಗೆ ಪ್ರತ್ಯೇಕವಾಗಿ ಒಂದು ಮಾತು. 2021ರಲ್ಲಿ ಸುಪ್ರೀಂ ಕೋರ್ಟ್ ಆದೇಶದಿಂದ ಎನ್‌ಡಿಎ ಬಾಗಿಲು ಹುಡುಗಿಯರಿಗೂ ತೆರೆಯಿತು. 2022ರಲ್ಲಿ ಒಳಹೋದ ಮೊದಲ ತಂಡದ 17 ಮಂದಿ 2025ರ ಮೇ 30ರಂದು ಖಡಕ್‌ವಾಸ್ಲಾದ ಅಕಾಡೆಮಿ ಮೈದಾನದಲ್ಲಿ ಹೆಜ್ಜೆ ಹಾಕಿ ಹೊರಬಂದರು. ಪಿಯುಸಿ ಮುಗಿದ ಮಗಳಿಗೆ ಬರೀ ಡಿ.ಇಡಿ, ನರ್ಸಿಂಗ್ ಎಂದು ಯೋಚಿಸುವಾಗ ಇದೂ ನೆನಪಿರಲಿ.

ಹಣದ ಮಾತು ಬಂದರೆ ರೈತಾಪಿ ಮನೆಗಳು ನಿರಾಳವಾಗಬಹುದು. ಖಾಸಗಿಯಾಗಿ ಕಮರ್ಷಿಯಲ್ ಪೈಲಟ್ ಲೈಸೆನ್ಸ್ ಪಡೆಯಲು ಹತ್ತಾರು ಲಕ್ಷ ಬೇಕು, ತೋಟ ಮಾರಬೇಕು. ವಾಯುಪಡೆಯಲ್ಲಿ ತರಬೇತಿಗೆ ಒಂದು ಪೈಸೆ ಕಟ್ಟುವಂತಿಲ್ಲ. ಎಎಫ್‌ಕ್ಯಾಟ್‌ನಿಂದ ಹೋದವರಿಗೆ ತರಬೇತಿಯ ಅವಧಿಯಲ್ಲಿ ತಿಂಗಳಿಗೆ 56,100 ರೂಪಾಯಿ ಭತ್ಯೆ ಕೊಡುತ್ತಾರೆ. ಆಯ್ಕೆ ಮಾಡಿಸಿಕೊಡುತ್ತೇನೆ ಎಂದು ದುಡ್ಡು ಕೇಳುವವನು ಯಾರೇ ಆಗಲಿ, ಮೋಸಗಾರ. ತರಬೇತಿಯ ಹಾದಿಯೂ ನಮ್ಮ ನಾಡನ್ನು ಮುಟ್ಟಿಯೇ ಹೋಗುತ್ತದೆ. ಪಿಲಾಟಸ್ ವಿಮಾನದಲ್ಲಿ ಮೊದಲ ಪಾಠ ಕಲಿತವರಲ್ಲಿ ಫೈಟರ್‌ಗೆ ಆಯ್ಕೆಯಾದವರು ಹಾಕ್ ಜೆಟ್ ಹಾರಿಸಲು ಬರುವುದು ಬೀದರ್‌ಗೆ, ಸಾರಿಗೆ ವಿಮಾನದವರು ಯಲಹಂಕಕ್ಕೆ.

ಆದರೆ ಇದು ಸಂಬಳದ, ಸಮವಸ್ತ್ರದ ಕೆಲಸ ಎಂದಷ್ಟೇ ಯಾರೂ ಮಗುವನ್ನು ಕಳಿಸಬಾರದು. ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ನೆಲೆಯ ಮೇಲೆ ದಾಳಿಗೆ ಹೋದರು. ಅವರದು ಮಿಸ್ಟೇರ್ ವಿಮಾನ. ಎದುರಾದದ್ದು ಅದಕ್ಕಿಂತ ಬಹಳ ವೇಗದ ಸ್ಟಾರ್‌ಫೈಟರ್. ದೇವಯ್ಯ ಅದನ್ನು ಉರುಳಿಸಿದರು, ತಾವೂ ಮರಳಲಿಲ್ಲ. ಅಲ್ಲಿ ನಡೆದದ್ದೇನೆಂದು ಇಲ್ಲಿಯವರಿಗೆ ತಿಳಿಯಲು ವರ್ಷಗಳೇ ಹಿಡಿದವು. ಮಹಾವೀರ ಚಕ್ರ ಬಂದದ್ದು 1988ರಲ್ಲಿ, 23 ವರ್ಷಗಳ ನಂತರ. ಈ ಕಥೆಯನ್ನು ಮಗುವಿಗೂ ಹೇಳಬೇಕು, ತಾಯಿಗೂ ಹೇಳಬೇಕು. ಕೇಳಿದ ಮೇಲೂ ಮಗು ಹೋಗುತ್ತೇನೆ ಅಂದರೆ ಅದು ಗಟ್ಟಿ ಮನಸ್ಸು. ಸಂದರ್ಶನದಲ್ಲಿ ‘ವಾಯುಪಡೆಗೇ ಏಕೆ?’ ಎಂದು ಕೇಳಿದಾಗ ಆ ಮನಸ್ಸು ತಾನಾಗಿ ಮಾತಾಡುತ್ತದೆ.

ಇನ್ನೂ ಚಿಕ್ಕ ಮಕ್ಕಳಿರುವ ಮನೆಗೆ ಇನ್ನೊಂದು ಬಾಗಿಲಿದೆ. ವಿಜಯಪುರ ಮತ್ತು ಕೊಡಗಿನ ಕೂಡಿಗೆಯಲ್ಲಿ ಸೈನಿಕ ಶಾಲೆಗಳಿವೆ, ಬೆಳಗಾವಿ, ಬೆಂಗಳೂರುಗಳಲ್ಲಿ ರಾಷ್ಟ್ರೀಯ ಮಿಲಿಟರಿ ಶಾಲೆಗಳಿವೆ. ಏರ್ ಡೆಕ್ಕನ್ ಕಟ್ಟಿದ ಕ್ಯಾಪ್ಟನ್ ಗೋಪಿನಾಥ್ ಗೊರೂರಿನ ಕನ್ನಡ ಶಾಲೆಯಿಂದ ವಿಜಯಪುರದ ಸೈನಿಕ ಶಾಲೆಗೆ, ಅಲ್ಲಿಂದ ಎನ್‌ಡಿಎಗೆ ಹೋಗಿ ಸೇನಾಧಿಕಾರಿಯಾದವರು. ಸೈನಿಕ ಶಾಲೆಯ ಆರನೇ ತರಗತಿಯ ಪ್ರವೇಶ ಪರೀಕ್ಷೆಯನ್ನು ಕನ್ನಡದಲ್ಲೇ ಬರೆಯಬಹುದು. ಒಂಬತ್ತನೇ ತರಗತಿಗೆ ಮಾತ್ರ ಇಂಗ್ಲಿಷ್. ಯಗಟಿಯ ಐದನೇ ಕ್ಲಾಸಿನ ಮಗುವಿಗೆ ಇದಕ್ಕಿಂತ ಹತ್ತಿರದ ಬಾಗಿಲು ಇನ್ನೊಂದಿಲ್ಲ.

ಯಗಟಿ, ಸಿಂಗಟಗೆರೆ, ಪಂಚನಹಳ್ಳಿ, ಚೌಳಹಿರಿಯೂರು ಸೇರಿ ಈ ಭಾಗದ ಪ್ರೌಢಶಾಲೆಗಳ ಮೇಷ್ಟ್ರುಗಳಲ್ಲಿ ನನ್ನ ವಿನಂತಿ ಇಷ್ಟೇ. ಈ ವರ್ಷ ಹತ್ತನೇ ಕ್ಲಾಸಿನ ಮಕ್ಕಳಿಗೆ ಒಂದು ಪಿರಿಯಡ್ ಬಿಟ್ಟುಕೊಟ್ಟು ಎನ್‌ಡಿಎ, ಎಎಫ್‌ಕ್ಯಾಟ್ ಎರಡರ ವಯಸ್ಸು, ವಿಷಯ, ಅರ್ಜಿಯ ತಿಂಗಳುಗಳನ್ನು ಬೋರ್ಡಿನ ಮೇಲೆ ಬರೆದು ತೋರಿಸಿ. ಎಂಟು, ಒಂಬತ್ತನೇ ಕ್ಲಾಸಿನವರ ಕಣ್ಣು ಪರೀಕ್ಷೆ ಮಾಡಿಸಿ. ಪಿಯುಸಿ ಅರ್ಜಿ ತುಂಬುವ ಮುನ್ನ ಅವರ ಅಪ್ಪ ಅಮ್ಮಂದಿರನ್ನು ಒಂದು ಸಲ ಶಾಲೆಗೆ ಕರೆಸಿ ಮಾತಾಡಿ.